ಚೀಲ ಕರಗಿದರೆ ಹೊಣೆ ಕರಗುವುದೇ?

ಔರಾದ ಶಹಾಜನಿಯ ಬಾಜಾರದಲ್ಲಿ ಕಾಯಿಪಲ್ಲೆ ಕೊಳ್ಳುವಾಗ ಒಂದೇ ವಸ್ತುವಿಗೆ ಮೂರು ಹೆಸರು ಕಿವಿಗೆ ಬೀಳುತ್ತವೆ. ಮರಾಠಿಯವರು ಪಿಶವಿ ಎನ್ನುತ್ತಾರೆ, ಉರ್ದು ಮಾತಾಡುವವರು ಥೈಲಿ ಎನ್ನುತ್ತಾರೆ, ನಮ್ಮ ಮನೆಗಳಲ್ಲಿ ಅದು ಚೀಲ. ಅಜ್ಜಿಯಂದಿರ ಕಾಲಕ್ಕೆ ಚೀಲವೆಂದರೆ ಹಳೆಯ ಬಟ್ಟೆಯಲ್ಲಿ ಹೊಲಿದದ್ದು ಇಲ್ಲವೆ ಗೋಣಿಯದು. ಹರಿದರೆ ತೇಪೆ ಹಾಕುತ್ತಿದ್ದರು. ಈಗ ಮೂರು ಭಾಷೆಯವರೂ ಒಮ್ಮತದಿಂದ ಕ್ಯಾರಿಬ್ಯಾಗ್ ಎನ್ನುತ್ತೇವೆ. ಇತ್ತೀಚೆಗೆ ಅದರ ಮೈಮೇಲೆ ಹಸಿರು ಅಕ್ಷರದಲ್ಲಿ ಒಂದು ಭರವಸೆಯೂ ಅಚ್ಚಾಗಿ ಬರುತ್ತಿದೆ: ಇದು ಕರಗುವ ಚೀಲ, ಭೂಮಿಗೆ ಭಾರವಲ್ಲ.

ಆ ಅಕ್ಷರಗಳನ್ನು ಓದಿದ ನಮ್ಮ ಯುವಕರು ಒಂದು ಪ್ರಶ್ನೆ ಎತ್ತುತ್ತಾರೆ. ಚೀಲ ತಾನಾಗಿಯೇ ಕರಗುವುದಾದರೆ ಬಿಸಾಡುವುದರಲ್ಲಿ ತಪ್ಪೇನಿದೆ? ಪ್ರಶ್ನೆ ಸರಳವಾಗಿ ಕಂಡರೂ ನ್ಯಾಯವಾದದ್ದು. ತಪ್ಪು ಇರುವುದು ಕಸದಲ್ಲಿಯೋ, ಕಸ ಮಾಡುವ ಮನಸ್ಸಿನಲ್ಲಿಯೋ ಎಂದು ಕೇಳಿದ ಹಾಗೆ ಅದು. ಉತ್ತರ ಹೇಳುವ ಮೊದಲು ಚೀಲದ ಸಂಗತಿಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಗೊತ್ತಿಲ್ಲದ ವಿಷಯದ ಮೇಲೆ ನೀತಿ ಹೇಳುವವರು ನಮ್ಮಲ್ಲಿ ಮೊದಲೇ ಬೇಕಾದಷ್ಟು ಜನರಿದ್ದಾರೆ.

ಅಂಗಡಿಯವರು 'ಬಯೋ' ಎಂಬ ಒಂದೇ ಮಾತಿನಲ್ಲಿ ಕರೆಯುವ ಚೀಲಗಳಲ್ಲಿ ಹಲವು ಜಾತಿಗಳಿವೆ. ಕೆಲವು ಕಬ್ಬಿನಿಂದ ಹುಟ್ಟಿದರೂ ಕರಗುವುದೇ ಇಲ್ಲ; ಹುಟ್ಟು ಸಸ್ಯದ್ದು, ಬಾಳು ಮಾತ್ರ ಸಾಮಾನ್ಯ ಪ್ಲಾಸ್ಟಿಕ್ಕಿನದು. ಇನ್ನು ಕೆಲವು ಹಳೆಯ ಪ್ಲಾಸ್ಟಿಕ್ಕಿಗೇ ಒಂದು ರಾಸಾಯನಿಕ ಬೆರೆಸಿದವು. ಬಿಸಿಲಿಗೆ ಬಿದ್ದರೆ ಪುಡಿಯಾಗುತ್ತವೆ, ಕಣ್ಣಿಗೆ ಕಾಣದ ಹಾಗಾಗುತ್ತವೆ, ಆದರೆ ಪುಡಿ ಅಲ್ಲಿಯೇ ಇರುತ್ತದೆ. ಇಂಥವನ್ನು ಯುರೋಪಿನ ಒಕ್ಕೂಟ 2019ರ ಕಾನೂನಿನಲ್ಲಿ ನಿಷೇಧಿಸಿತು. ನಿಜವಾಗಿ ಕರಗುವವು ಮೂರನೆಯ ಜಾತಿಯವು. ಕಬ್ಬಿನ ಅಥವಾ ಮೆಕ್ಕೆಜೋಳದ ಸಕ್ಕರೆಯನ್ನು ಹುಳಿ ಬರಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ನಮ್ಮ ಮೊಸರಿಗೆ ಹುಳಿ ಕೊಡುವುದೂ ಅದೇ. ಅದರ ಕಣಗಳನ್ನು ಸರಪಳಿಯಾಗಿ ಹೆಣೆದರೆ ಪಿಎಲ್‌ಎ ಎಂಬ ವಸ್ತು. ಅದಕ್ಕೆ ಪಿಷ್ಟವನ್ನೋ ಬೇರೆ ಮೆತ್ತನೆಯ ವಸ್ತುವನ್ನೋ ಸೇರಿಸಿ ಚೀಲ, ತಟ್ಟೆ, ಲೋಟ ಮಾಡುತ್ತಾರೆ.

ಇದು ಕರಗುತ್ತದೆ, ಸುಳ್ಳಲ್ಲ. ಆದರೆ ಎಲ್ಲಿ ಕರಗುತ್ತದೆ ಎಂಬುದನ್ನು ಹಸಿರು ಅಕ್ಷರಗಳು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಚೀಲವನ್ನು ಐಎಸ್/ಐಎಸ್‌ಒ 17088 ಎಂಬ ಮಾನದಂಡಕ್ಕೆ ಹಿಡಿದು ನೋಡುತ್ತಾರೆ. ಸುಮಾರು 58 ಡಿಗ್ರಿ ಶಾಖದ, ಹದವಾದ ತೇವ ಮತ್ತು ಗಾಳಿಯಿರುವ ಗೊಬ್ಬರದಲ್ಲಿ 180 ದಿನದೊಳಗೆ ಅದರ ಇಂಗಾಲದ 100ಕ್ಕೆ 90 ಪಾಲು ಅನಿಲವಾಗಿ ಹೋಗಬೇಕು. ಹಾಗಾದರೆ ಪಾಸು. ಇಂಥ ಶಾಖವನ್ನು ತಿಂಗಳುಗಟ್ಟಲೆ ಕಾಯ್ದುಕೊಳ್ಳುವ ಗೊಬ್ಬರದ ಘಟಕ ನಮ್ಮ ನಿಲಂಗಾ ಸೀಮೆಯ ಹಳ್ಳಿಗಳಲ್ಲಿ ಎಲ್ಲಿದೆ? ಮನೆಯ ಹಿಂದಿನ ತಿಪ್ಪೆ ಒಳಗೊಳಗೆ ಕೆಲವು ದಿನ ಬಿಸಿಯಾಗುತ್ತದೆ, ಆಮೇಲೆ ಆರುತ್ತದೆ. ನಮ್ಮ ಬೇಸಿಗೆಯ ಬಿಸಿಲೂ 42 ಡಿಗ್ರಿಗೆ ನಿಲ್ಲುತ್ತದೆ. ಅದಕ್ಕೇ ನಾವು ಬೆಂದು ಹೋಗುತ್ತೇವೆ, ಚೀಲ ಹೋಗುವುದಿಲ್ಲ.

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಈ ಚೀಲಗಳನ್ನು ಮಣ್ಣಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ, ಗಾಳಿಗೆ ತೂಗುಹಾಕಿ ಮೂರು ವರ್ಷ ಕಾದರು. ಫಲಿತಾಂಶ 2019ರಲ್ಲಿ ಹೊರಬಂತು. 'ಜೈವಿಕವಾಗಿ ಕರಗುವುದು' ಎಂದು ಬರೆದುಕೊಂಡಿದ್ದ ಚೀಲ ಮೂರು ವರ್ಷ ಮಣ್ಣಿನಲ್ಲಿ, ಸಮುದ್ರದಲ್ಲಿ ಇದ್ದು ಬಂದ ಮೇಲೂ ಸಂತೆಯ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. ಗೊಬ್ಬರವಾಗುವ ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲಿ ಕಾಣದಾಯಿತು. ಅದೇ ಚೀಲ ಮಣ್ಣಿನಲ್ಲಿ 27 ತಿಂಗಳ ಮೇಲೂ ಉಳಿದಿತ್ತು. ಭಾರ ಹಾಕಿದರೆ ಮಾತ್ರ ಹರಿಯುತ್ತಿತ್ತು. ನಮಗೆ ಹತ್ತಿರದಲ್ಲಿ ಸಮುದ್ರವಿಲ್ಲ. ಇರುವುದು ಎರೆಮಣ್ಣು.

ಮತ್ತು ನದಿ. ಔರಾದದ ಹತ್ತಿರವೇ ತೇರಣಾ ಬಂದು ಮಾಂಜ್ರಾವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಮಾಂಜ್ರಾ ಬೀದರ ಜಿಲ್ಲೆಗೆ ಇಳಿದು, ತೆಲಂಗಾಣದಲ್ಲಿ ಸಿಂಗೂರು ಜಲಾಶಯವನ್ನೂ ನಿಜಾಮಸಾಗರವನ್ನೂ ತುಂಬಿ ಗೋದಾವರಿಗೆ ಹೋಗುತ್ತದೆ. ಸಿಂಗೂರಿನ ನೀರು ಹೈದರಾಬಾದಿನ ಮನೆಗಳ ನಲ್ಲಿಗೆ ಹೋಗುತ್ತದೆ. ಇಲ್ಲಿ ಮರಾಠಿ ಮಾತಾಡಿ ಕೊಂಡ ಪಿಶವಿ ಮಳೆಗಾಲದ ಮೊದಲ ಹೊಳೆಗೆ ಸಿಕ್ಕರೆ ಕನ್ನಡದ ದಂಡೆಗಳನ್ನು ದಾಟಿ ತೆಲುಗಿನವರ ಕುಡಿಯುವ ನೀರಿನ ದಾರಿಗೆ ಸೇರುತ್ತದೆ. ಅದಕ್ಕೆ ಯಾವ ಚೆಕ್‌ಪೋಸ್ಟೂ ಅಡ್ಡ ಬರುವುದಿಲ್ಲ.

ಗಡಿಯ ಮಾತು ಬಂತು, ಹೇಳಿಯೇ ಮುಂದೆ ಹೋಗೋಣ. ನಿಲಂಗಾ, ಉದಗೀರ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಬೀದರ ಜಿಲ್ಲೆಯವು. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಈ ಕಡೆಗೆ ಬಂದವು. ಲಾತೂರು ಜಿಲ್ಲೆಯಾದದ್ದು 1982ರಲ್ಲಿ. ಗೆರೆ ಎಳೆದವರು ನದಿಯನ್ನು ಕೇಳಿರಲಿಲ್ಲ, ನಮ್ಮ ಅಜ್ಜಂದಿರನ್ನೂ ಕೇಳಿರಲಿಲ್ಲ. ಅದರ ಒಂದು ವಿಚಿತ್ರ ಫಲವನ್ನು ನಾವು ಪ್ಲಾಸ್ಟಿಕ್ಕಿನ ವಿಷಯದಲ್ಲಿಯೇ ಕಂಡೆವು. ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. ಮಹಾರಾಷ್ಟ್ರದ ನಿಷೇಧ ಬಂದದ್ದು 2018ರ ಮಾರ್ಚ್ 23ರಂದು. 2005ರ ಮುಂಬಯಿ ಮಹಾಪೂರದಲ್ಲಿ ಚರಂಡಿಗಳಿಗೆ ಪ್ಲಾಸ್ಟಿಕ್ ಕಟ್ಟಿಕೊಂಡ ಮೇಲೆ ಇಲ್ಲಿ ತೆಳು ಚೀಲಗಳಿಗೆ ನಿರ್ಬಂಧವಿತ್ತು, ಅಷ್ಟೇ. ಹೀಗೆ ಎರಡು ವರ್ಷ ಭಾಲ್ಕಿಯ ಅಂಗಡಿಯಲ್ಲಿ ಅಪರಾಧವಾದ ಚೀಲ ಔರಾದದ ಅಂಗಡಿಯಲ್ಲಿ ವ್ಯಾಪಾರವಾಗಿತ್ತು. ಇಡೀ ದೇಶಕ್ಕೆ ಒಮ್ಮೆಲೇ ಒಂದು ನಿಯಮ ಬಂದದ್ದು 2022ರ ಜುಲೈ 1ರಂದು, ಅದೂ ಒಮ್ಮೆ ಬಳಸಿ ಬಿಸಾಡುವ ಕೆಲವು ವಸ್ತುಗಳಿಗೆ ಮಾತ್ರ.

ಇದರಿಂದ ಒಂದು ಸಂಗತಿ ನಮಗೆ ಸ್ಪಷ್ಟವಾಗುತ್ತದೆ. ಕಾನೂನು ಬೇಕು, ಆದರೆ ಸರಿತಪ್ಪುಗಳನ್ನು ಹೇಳುವ ಕೆಲಸವನ್ನು ಪೂರ್ತಿ ಅದಕ್ಕೇ ಒಪ್ಪಿಸಿ ಕೂಡಲಾಗದು. ಒಂದು ಕೆಲಸ ನದಿಯ ಎಡದಂಡೆಯಲ್ಲಿ ತಪ್ಪು, ಬಲದಂಡೆಯಲ್ಲಿ ಸರಿ ಎಂದಾದರೆ ಅದು ಆಡಳಿತದ ಲೆಕ್ಕವೇ ಹೊರತು ಆತ್ಮಸಾಕ್ಷಿಯ ಲೆಕ್ಕವಲ್ಲ.

ಕಾನೂನಿನ ಭಾರ ಯಾರ ಮೇಲೆ ಬಿತ್ತು ಎಂಬುದನ್ನೂ ನೋಡಬೇಕು. ಮಹಾರಾಷ್ಟ್ರದ ನಿಯಮದಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ 5000 ರೂಪಾಯಿ ದಂಡ, ಎರಡನೆಯ ಸಲ 10000, ಮೂರನೆಯ ಸಲ 25000 ಮತ್ತು ಮೂರು ತಿಂಗಳ ಸೆರೆ. ಕೊತ್ತಂಬರಿ, ಮೆಂತ್ಯದ ಸಿವುಡು ಮಾರುವ ಹೆಂಗಸಿಗೆ 5000 ರೂಪಾಯಿ ಎಂದರೆ ಎಷ್ಟು ದಿನದ ದುಡಿಮೆ? ಆಕೆ ಚೀಲ ಕೊಡುವುದು ನಾವು ಕೇಳುತ್ತೇವೆ ಎಂದು. ಕೊಡದಿದ್ದರೆ ನಾವು ಪಕ್ಕದ ಬುಟ್ಟಿಗೆ ಹೋಗುತ್ತೇವೆ. ಅದೇ ಬಾಜಾರದ ಕಿರಾಣಿ ಅಂಗಡಿಯಲ್ಲಿ ತೋರಣದ ಹಾಗೆ ತೂಗುವ ಶಾಂಪೂ, ಚಿಪ್ಸ್, ಬಿಸ್ಕತ್ತಿನ ಪೊಟ್ಟಣಗಳು ಪ್ಲಾಸ್ಟಿಕ್ಕಿನವೇ. ಅವುಗಳಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಮ್ಮಿನ ಪದರಗಳು ಅಂಟಿಕೊಂಡಿರುವುದರಿಂದ ಬಿಡಿಸಲಾಗದು, ಕರಗಿಸಿ ಮತ್ತೆ ಬಳಸಲಾಗದು. ಅವನ್ನು ತುಂಬಿ ಕಳಿಸುವ ಕಂಪನಿಗಳು ತಾವು ಹೊರಬಿಟ್ಟಷ್ಟು ಕಸಕ್ಕೆ ಹೊಣೆ ಹೊರಬೇಕೆಂದು ಕೇಂದ್ರದ ನಿಯಮ 2022ರಲ್ಲಿ ವಿವರವಾಗಿ ಹೇಳಿದೆ. ಅವರು ಆ ಹೊಣೆಯನ್ನು ಕಾಗದದ ಮೇಲೆ, ಪ್ರಮಾಣಪತ್ರ ಕೊಂಡು ತೀರಿಸಬಹುದು. ಬುಟ್ಟಿಯವಳು ಸ್ಥಳದಲ್ಲೇ ನಗದು ಕೊಡಬೇಕು. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

2022ರ ಕೊನೆಗೆ ಮಹಾರಾಷ್ಟ್ರ ತನ್ನ ನಿಷೇಧವನ್ನು ಸ್ವಲ್ಪ ಸಡಿಲಿಸಿ, ಪ್ರಮಾಣಪತ್ರ ಪಡೆದ ಗೊಬ್ಬರವಾಗುವ ವಸ್ತುವಿನ ತಟ್ಟೆ ಲೋಟಗಳಿಗೆ ದಾರಿ ಬಿಟ್ಟಿತು. ವ್ಯಾಪಾರಿಗಳಿಗೆ ಇದರಿಂದ ಅನುಕೂಲವಾಯಿತು. ಆದರೆ ಪ್ರಮಾಣಪತ್ರವಿರುವ ಚೀಲ, ಇಲ್ಲದ ಚೀಲ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನಮ್ಮ ಕಣ್ಣಿಗೆ, ಬೆರಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಸಿರು ಶಾಯಿ ಯಾರೂ ಕೊಳ್ಳಬಹುದಾದ ವಸ್ತು.

ಪ್ಲಾಸ್ಟಿಕ್ಕನ್ನು ದೆವ್ವವೆಂದು ಬಯ್ಯುವವರ ಜೊತೆಗೂ ನಾವಿಲ್ಲ. ಬರಗಾಲದ ವರ್ಷಗಳಲ್ಲಿ ಟ್ಯಾಂಕರಿನ ಮುಂದೆ ಸಾಲು ನಿಂತದ್ದು ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು. ಹಿತ್ತಾಳೆಯ ಕೊಡ ಹೊತ್ತು ಸೊಂಟ ಬಿದ್ದುಹೋದ ಹಿರಿಯ ಹೆಂಗಸರನ್ನು ಕೇಳಿ ನೋಡಿ, ಪ್ಲಾಸ್ಟಿಕ್ ಅವರಿಗೆ ಏನು ಮಾಡಿದೆ ಎಂದು ಹೇಳುತ್ತಾರೆ. ಹೊಲದಲ್ಲಿ ಹನಿಹನಿಯಾಗಿ ನೀರು ಬಿಡುವ ಕಪ್ಪು ನಳಿಗೆಯೂ ಅದೇ, ಆಸ್ಪತ್ರೆಯ ಸಲೈನ್ ಚೀಲವೂ ಅದೇ. ಗಟ್ಟಿಯಾಗಿ ಬಾಳುವುದು ಪ್ಲಾಸ್ಟಿಕ್ಕಿನ ದೋಷವಲ್ಲ, ಗುಣ. ವರ್ಷಗಟ್ಟಲೆ ಬಾಳುವ ವಸ್ತುವನ್ನು ಸಂತೆಯಿಂದ ಮನೆಗೆ ಬರುವ ಹತ್ತು ನಿಮಿಷಕ್ಕೆ ಬಳಸಿದ್ದು ನಾವು. ಈ ಹೊಂದಿಕೆಯಿಲ್ಲದ ಬಳಕೆಯಲ್ಲಿಯೇ ತೊಡಕಿದೆ. ಆದ್ದರಿಂದ ಹತ್ತು ನಿಮಿಷದ ಕೆಲಸಕ್ಕೆ ಬೇಗ ಸಾಯುವ ವಸ್ತುವನ್ನು ಕಂಡುಹಿಡಿಯಲು ಹೊರಟ ವಿಜ್ಞಾನಿಗಳ ಯೋಚನೆ ತಪ್ಪಲ್ಲ; ಅವರನ್ನು ಮೆಚ್ಚಲೇಬೇಕು.

ಆದರೆ ಆ ವಸ್ತು ಯಾತರಿಂದ ಬರುತ್ತದೆ? ಇಲ್ಲಿ ನಮ್ಮ ಸೀಮೆಯ ನೋವು ಬಂದು ತಾಗುತ್ತದೆ. ಪುಣೆ ಜಿಲ್ಲೆಯ ಜೆಜುರಿಯಲ್ಲಿ, ಹೌದು, ಖಂಡೋಬಾನ ಜೆಜುರಿಯಲ್ಲಿಯೇ, ಪ್ರಾಜ್ ಕಂಪನಿ 2024ರ ಅಕ್ಟೋಬರಿನಲ್ಲಿ ಜೈವಿಕ ಪ್ಲಾಸ್ಟಿಕ್ ತಯಾರಿಕೆಯ ಮಾದರಿ ಘಟಕವೊಂದನ್ನು ತೆರೆಯಿತು. ಉತ್ತರ ಪ್ರದೇಶದಲ್ಲಿ ಬಲರಾಮಪುರ ಸಕ್ಕರೆ ಕಂಪನಿ ಕಬ್ಬಿನಿಂದ ಪಿಎಲ್‌ಎ ಮಾಡುವ ದೊಡ್ಡ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿದೆ. ನಾಳೆ ನಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳೂ ಇದೇ ದಾರಿ ಹಿಡಿಯಬಹುದು. ಕಬ್ಬು ಬೆಳೆಯುವವರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಒಳ್ಳೆಯ ಬೆಲೆ ಸಿಕ್ಕರೆ ಸಂತೋಷವೇ. ಆದರೆ ಮಹಾರಾಷ್ಟ್ರದ ಬೆಳೆಭೂಮಿಯಲ್ಲಿ ಕಬ್ಬು ಇರುವುದು 100ಕ್ಕೆ ಸುಮಾರು 4 ಪಾಲು, ಅದು ಕುಡಿಯುವುದು ನೀರಾವರಿಯ ನೀರಿನಲ್ಲಿ 100ಕ್ಕೆ ಸುಮಾರು 70 ಪಾಲು ಎಂಬ ಲೆಕ್ಕ ಬಹಳ ಕಾಲದಿಂದ ಎಲ್ಲರಿಗೂ ಗೊತ್ತು.

2016ರ ಏಪ್ರಿಲ್ ತಿಂಗಳನ್ನು ಈ ಭಾಗದವರು ಮರೆತಿಲ್ಲ. ಮೀರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ಸಲ 10 ಟ್ಯಾಂಕುಗಳಲ್ಲಿ 5 ಲಕ್ಷ ಲೀಟರ್. ಜಲದೂತ ಎಂದು ಹೆಸರಿಟ್ಟಿದ್ದ ಆ ರೈಲನ್ನು ನೋಡಲು ಜನ ಜಾತ್ರೆಗೆ ಹೋದ ಹಾಗೆ ಹೋದರು. ನೀರಿಗೆ ಗಲಾಟೆಯಾಗದಿರಲೆಂದು ಟ್ಯಾಂಕಿಗಳ ಬಳಿ ಜನ ಗುಂಪು ಸೇರದಂತೆ ಆಜ್ಞೆ ಹೊರಡಿಸಿದ್ದರು. ಕುಡಿಯುವ ನೀರು ರೈಲಿನಲ್ಲಿ ಬಂದ ನೆಲದಲ್ಲಿ, ನೀರನ್ನು ಎಲ್ಲಕ್ಕಿಂತ ಹೆಚ್ಚು ಕುಡಿಯುವ ಬೆಳೆಯನ್ನು ಬೆಳೆದು, ಅದನ್ನು ಹತ್ತು ನಿಮಿಷ ಹಿಡಿದು ಬಿಸಾಡುವ ಚೀಲ ಮಾಡುವುದು, ಆಮೇಲೆ ಅದಕ್ಕೆ ಪರಿಸರಸ್ನೇಹಿ ಎಂದು ಹೆಸರಿಡುವುದು. ಇದರಲ್ಲಿ ಸ್ನೇಹ ಯಾರ ಜೊತೆ? ಚೀಲ ಕರಗಿದರೂ ಅದಕ್ಕೆ ಹೋದ ನೀರು ಬಾವಿಗೆ ಹಿಂದಿರುಗುವುದಿಲ್ಲ. ಬಿಸಾಡಿದ ಮೇಲೆ ಏನಾಯಿತೆಂದು ಮಾತ್ರ ನೋಡುವವರು ಈ ಲೆಕ್ಕವನ್ನು ಬಿಟ್ಟೇ ಬಿಡುತ್ತಾರೆ.

ಕಬ್ಬಿನ ಸಿಪ್ಪೆಯಿಂದ, ಸೋಯಾಬೀನು ರಾಶಿ ಮಾಡಿ ಉಳಿದ ಹೊಟ್ಟಿನಿಂದ, ಭತ್ತದ ಹುಲ್ಲಿನಿಂದ ಇಂಥ ವಸ್ತು ಮಾಡುವ ಪ್ರಯತ್ನಗಳೂ ನಡೆದಿವೆ. ಅದು ಬೇರೆ ಮಾತು. ಬೆಳೆದದ್ದರಲ್ಲಿ ಉಳಿದದ್ದನ್ನು ಬಳಸುವುದು, ಬಿಸಾಡಲಿಕ್ಕೆಂದೇ ಬೆಳೆಯುವುದು, ಈ ಎರಡರ ನಡುವೆ ಬಹಳ ಅಂತರವಿದೆ.

ಇನ್ನು ಹಳೆಯ ಪ್ಲಾಸ್ಟಿಕ್ಕನ್ನು ಮತ್ತೆ ಬಳಸುವ ವಿಚಾರ. ಇಲ್ಲಿ ನಮ್ಮ ಗಡಿಯ ಕಿವಿಗೆ ಮಾತ್ರ ಕೇಳುವ ಒಂದು ತಮಾಷೆಯಿದೆ. ಗುಜರಿಯನ್ನು ಮರಾಠಿಯಲ್ಲಿ ಭಂಗಾರ ಎನ್ನುತ್ತಾರೆ. ಭಂಗಾರವಾಲಾ ಸೈಕಲ್ ಮೇಲೆ ಕೂಗುತ್ತಾ ಬಂದರೆ, ಮರಾಠಿ ಬಾರದ ನಮ್ಮ ಬೀದರ ಕಡೆಯ ಸೊಸೆಯಂದಿರು ಮೊದಲ ವರ್ಷ ಬೆರಗಾಗುತ್ತಾರೆ: ಇಷ್ಟು ಹರಕು ಸೈಕಲ್ಲಿನವನು ಬಂಗಾರ ಕೊಳ್ಳುತ್ತಾನೆಯೇ! ಎರಡರ ನಡುವೆ ಒಂದು ಉಸಿರಿನ ವ್ಯತ್ಯಾಸ. ನಿಜ ನೋಡಿದರೆ ಆತನ ಲೆಕ್ಕದಲ್ಲಿ ಆ ವ್ಯತ್ಯಾಸವೂ ಇಲ್ಲ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕು, ಒಡೆದ ಬಕೆಟ್ಟು, ಎಣ್ಣೆಯ ಡಬ್ಬಿ, ಹಾಲಿನ ಚೀಲ, ಪ್ರತಿಯೊಂದಕ್ಕೂ ಕಿಲೋಕ್ಕೆ ಒಂದೊಂದು ಬೆಲೆ ಅವನ ತಲೆಯಲ್ಲಿದೆ. ಬೆಲೆಯಿದ್ದದ್ದನ್ನು ಯಾರೂ ಬಿಸಾಡುವುದಿಲ್ಲ. ಬೆಲೆಯಿಲ್ಲದ್ದು ಹೊಳೆಗೆ ಹೋಗುತ್ತದೆ. ಮಹಾರಾಷ್ಟ್ರದ 2018ರ ಆದೇಶ ಹಾಲಿನ ಚೀಲವನ್ನು ಕನಿಷ್ಠ 50 ಪೈಸೆಗೆ ಹಿಂದಕ್ಕೆ ಕೊಳ್ಳಬೇಕೆಂದು ಹೇಳಿದ್ದು ಈ ತಿಳಿವಳಿಕೆಯಿಂದಲೇ.

ಕರಗುವ ಪ್ಲಾಸ್ಟಿಕ್ಕು ಈ ಭಂಗಾರದವನಿಗೆ ತಲೆನೋವು. ಪಿಎಲ್‌ಎ ಬಾಟಲಿಯೂ ಪೆಟ್ ಬಾಟಲಿಯೂ ನೋಡಲು ಒಂದೇ. ಸ್ವಲ್ಪ ಪಿಎಲ್‌ಎ ಸೇರಿಕೊಂಡರೂ ಕರಗಿಸಿದ ಪೆಟ್ ಮಸುಕಾಗಿ ಕೆಡುತ್ತದೆ. ಹೊಸ ಒಳ್ಳೆಯದೊಂದು ಹಳೆಯ ಒಳ್ಳೆಯದನ್ನು ಕೆಡಿಸುವ ಪ್ರಸಂಗ ಇದು. ಹಸಿರು ಅಕ್ಷರ ಇದನ್ನೂ ಹೇಳುವುದಿಲ್ಲ.

ಮರುಬಳಕೆಯ ಹೊಸ ದಾರಿಗಳ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. 2016ರಲ್ಲಿ ಜಪಾನಿನ ವಿಜ್ಞಾನಿಗಳು ಸಕಾಯ್ ಎಂಬ ಊರಿನ ಬಾಟಲಿ ಕಸದ ಮಣ್ಣಿನಲ್ಲಿ ಪೆಟ್ ತಿನ್ನುವ ಒಂದು ಬ್ಯಾಕ್ಟೀರಿಯಾ ಕಂಡರು. ಫ್ರಾನ್ಸಿನವರು ಅಂಥದೇ ಕೆಲಸ ಮಾಡುವ ಕಿಣ್ವವೊಂದನ್ನು ತಿದ್ದಿ ತೀಡಿ, ಪೆಟ್‌ನ 100ಕ್ಕೆ 90 ಪಾಲನ್ನು 10 ಗಂಟೆಯಲ್ಲಿ ಅದರ ಮೂಲ ಇಟ್ಟಿಗೆಗಳಾಗಿ ಒಡೆದು ತೋರಿಸಿದರು. ಅದು 2020ರ ಮಾತು. ಆ ಇಟ್ಟಿಗೆಗಳಿಂದ ಹೊಸತರಂಥದೇ ಬಾಟಲಿ ಮಾಡಬಹುದು. ಗಾಳಿಯಿಲ್ಲದೆ ಕಾಸಿ ಪ್ಲಾಸ್ಟಿಕ್ಕನ್ನು ಎಣ್ಣೆ ಮಾಡುವ ಯಂತ್ರಗಳಿವೆ. ಬಿಡಿಸಲಾಗದ ಪದರಿನ ಪೊಟ್ಟಣಗಳನ್ನು 1400 ಡಿಗ್ರಿಯ ಸಿಮೆಂಟ್ ಕುಲುಮೆಗಳಲ್ಲಿ ಕಲ್ಲಿದ್ದಲಿನ ಬದಲು ಉರಿಸುತ್ತಾರೆ. ಮದುರೆಯ ಪ್ರಾಧ್ಯಾಪಕ ಆರ್. ವಾಸುದೇವನ್ ಚೂರು ಪ್ಲಾಸ್ಟಿಕ್ಕನ್ನು ಬಿಸಿ ಜಲ್ಲಿಗೆ ಲೇಪಿಸಿ ರಸ್ತೆ ಹಾಸುವ ವಿಧಾನ ಕಂಡುಹಿಡಿದು 2018ರಲ್ಲಿ ಪದ್ಮಶ್ರೀ ಪಡೆದರು. ಅದಕ್ಕೂ ಮೊದಲು, 2002ರ ಸುಮಾರಿಗೇ, ಬೆಂಗಳೂರಿನ ಕೆ.ಕೆ. ಪ್ಲಾಸ್ಟಿಕ್ಕಿನ ಖಾನ್ ಸಹೋದರರು ಡಾಂಬರಿಗೆ ಪ್ಲಾಸ್ಟಿಕ್ ಬೆರೆಸಿ ರಸ್ತೆ ಮಾಡಿಸಲು ತೊಡಗಿದ್ದರು. ಪ್ಲಾಸ್ಟಿಕ್ ಚೀಲ ಮಾಡುವವರೇ ಅದರ ಕಸಕ್ಕೂ ದಾರಿ ಹುಡುಕಿದ್ದು ನಮಗೆ ವಿಶೇಷವಾಗಿ ಹಿಡಿಸುತ್ತದೆ.

ಇಷ್ಟೆಲ್ಲ ಆದರೂ ಒಂದು ದೊಡ್ಡ ಲೆಕ್ಕ ಹಾಗೆಯೇ ಕುಳಿತಿದೆ. 2015ರ ತನಕ ಲೋಕದಲ್ಲಿ ಒಟ್ಟು 830 ಕೋಟಿ ಟನ್ ಪ್ಲಾಸ್ಟಿಕ್ ತಯಾರಾಗಿದೆ, ಅದರಲ್ಲಿ ಕಸವಾದದ್ದು 630 ಕೋಟಿ ಟನ್, ಆ ಕಸದಲ್ಲಿ ಒಮ್ಮೆಯಾದರೂ ಮರುಬಳಕೆಗೆ ಹೋದದ್ದು 100ಕ್ಕೆ 9 ಎಂದು ಅಮೆರಿಕದ ಮೂವರು ಸಂಶೋಧಕರು 2017ರಲ್ಲಿ ಲೆಕ್ಕ ಹಾಕಿ ಹೇಳಿದರು. ಕಿಣ್ವವಾಗಲಿ ಕುಲುಮೆಯಾಗಲಿ ರಸ್ತೆಯಾಗಲಿ, ಕಸ ಅಲ್ಲಿಗೆ ತಲುಪಿದ ಮೇಲೆ ತಾನೆ ಕೆಲಸ ಮಾಡುವುದು. ತಲುಪಿಸುವವರು ಯಾರು?

ಇದನ್ನು ಕೇಳಿದರೆ ದಾರಿ ಮತ್ತೆ ನಮ್ಮ ಮರಾಠವಾಡಾಕ್ಕೇ ಬರುತ್ತದೆ. 1972ರ ಬರದಲ್ಲಿ ಈ ಸೀಮೆಯ ಎಷ್ಟೋ ಭೂಮಿಯಿಲ್ಲದ ದಲಿತ ಕುಟುಂಬಗಳು ಗುಳೆ ಎದ್ದು ಪುಣೆಗೆ ಹೋದವು. ಬೇರೆ ಕೆಲಸ ಸಿಗದ ಹೆಂಗಸರು ಕಸದ ತೊಟ್ಟಿಗಳಲ್ಲಿ ಕಾಗದ, ಗಾಜು, ಪ್ಲಾಸ್ಟಿಕ್ ಆರಿಸಿ ಮಾರತೊಡಗಿದರು. ಅವರನ್ನು ಜನ ಕಳ್ಳರೆಂದು ಕಂಡರು, ಪೊಲೀಸರು ಎಬ್ಬಿಸಿದರು, ನಾಯಿಗಳು ಅಟ್ಟಿಸಿಕೊಂಡು ಬಂದವು. 1993ರಲ್ಲಿ ಅವರು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿಕೊಂಡರು. ಗುರುತಿನ ಚೀಟಿ ಕೇಳಿದರು, ಪಡೆದರು. ಅದರ ಬೆನ್ನಿಗೆ ಹುಟ್ಟಿದ ಸ್ವಚ್ಛ್ ಸಹಕಾರ ಸಂಘ 2008ರಲ್ಲಿ ಪುಣೆ ಮಹಾನಗರಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುವ ಹಕ್ಕನ್ನು ಪಡೆಯಿತು. ಬೆಂಗಳೂರಿನ ಚಿಂದಿ ಆಯುವವರಿಗೂ 2011ರಲ್ಲಿ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಹಸಿರು ದಳ ಎಂಬ ಸಂಸ್ಥೆ ಅವರ ಜೊತೆ ನಿಂತಿದೆ. ಮರುಬಳಕೆ ಎಂದಾಗ ನಮ್ಮ ಕಣ್ಣಿಗೆ ಯಂತ್ರ ಬರುತ್ತದೆ. ಯಂತ್ರಕ್ಕಿಂತ ಮುಂಚೆ ಅಲ್ಲಿ ಒಂದು ಕೈ ಇರುತ್ತದೆ, ಬಹಳ ಸಲ ಆ ಕೈ ನಮ್ಮದೇ ಜಿಲ್ಲೆಯಿಂದ ಹೋದದ್ದು.

ಈಗ ನಮ್ಮ ಯುವಕರ ಪ್ರಶ್ನೆಗೆ ಬರಬಹುದು. ಬಿಸಾಡುವುದು ಎಂದರೇನು? 'ಇದರ ಮುಂದಿನದು ನನಗೆ ಸೇರಿದ್ದಲ್ಲ' ಎಂದು ಹೇಳುವುದು. ನಾವು ಹಾಗೆ ಹೇಳಿದ ಕ್ಷಣದಲ್ಲಿ ಅದು ಇನ್ನೊಬ್ಬರಿಗೆ ಸೇರುತ್ತದೆ: ಬರಿಗೈಯಿಂದ ಆರಿಸುವ ಹೆಂಗಸಿಗೆ, ಮೇವೆಂದು ನುಂಗುವ ಆಕಳಿಗೆ, ಹೊಳೆಯ ಕೆಳಗಿನ ಊರಿಗೆ, ಇನ್ನೂ ಹುಟ್ಟದವರಿಗೆ. ಕರಗುವ ಚೀಲ ಹುಟ್ಟದವರ ಭಾರವನ್ನು ಒಂದಿಷ್ಟು ಇಳಿಸುತ್ತದೆ, ಅದೂ ತಕ್ಕ ಜಾಗಕ್ಕೆ ತಲುಪಿದರೆ. ಉಳಿದವರ ಭಾರವನ್ನು ಅದು ಇಳಿಸುವುದಿಲ್ಲ. ನೋಡಿದವರಿಗೆ ಪಾಪ ಕಾಣದ ಹಾಗೆ ಮಾಡುವುದು ಬೇರೆ, ಪಾಪವನ್ನು ತೀರಿಸುವುದು ಬೇರೆ ಎಂಬುದನ್ನು ಪಾಪನಿವೇದನೆಯ ಸಂಸ್ಕಾರ ಪಡೆಯುವ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಕದ್ದವನು ಕ್ಷಮೆ ಕೇಳಿದರೆ ಸಾಲದು, ಕದ್ದದ್ದನ್ನು ಹಿಂದಿರುಗಿಸಲೂಬೇಕೆಂದು ಗುರುಗಳು ಹೇಳುತ್ತಾರೆ.

ಇದಕ್ಕೆ ಒಂದು ಎದುರುಮಾತಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಬ್ಬೊಬ್ಬರ ಚೀಲದಲ್ಲಿ ಏನಿದೆ, ದೊಡ್ಡ ಕಂಪನಿಗಳು ಟನ್ನುಗಟ್ಟಲೆ ಹೊರಬಿಡುವಾಗ ನಾಲ್ಕು ಬಡ ಕುಟುಂಬಗಳ ಆತ್ಮಸಾಕ್ಷಿಯನ್ನು ಚುಚ್ಚುವುದೇಕೆ ಎಂದು ಕೆಲವರು ಕೇಳುತ್ತಾರೆ. ಅರ್ಧ ಸತ್ಯ. ದೊಡ್ಡವರ ಹೊಣೆ ದೊಡ್ಡದು, ಅದನ್ನು ಕೇಳಲೇಬೇಕು, ಅದಕ್ಕೆ ಮತವೂ ಇದೆ ಅರ್ಜಿಯೂ ಇದೆ. ಆದರೆ ದೊಡ್ಡವರು ತಪ್ಪು ಮಾಡುತ್ತಾರೆಂಬುದು ಸಣ್ಣವರಿಗೆ ರಜೆ ಕೊಡುವುದಿಲ್ಲ. ಐದು ರೊಟ್ಟಿಯ ಅದ್ಭುತವಾದ ಮೇಲೆ ಯೇಸುಸ್ವಾಮಿ ತುಣುಕುಗಳನ್ನು ಕೂಡಿಸಲು ಹೇಳಿದರು. ಸಂತ ಯೊವಾನ್ನರು ಇದನ್ನು ಬರೆದಿದ್ದಾರೆ. ಬೇಕಾದಷ್ಟು ರೊಟ್ಟಿಯನ್ನು ಮತ್ತೆ ಮಾಡಬಲ್ಲವರು ಅವರು. ಕೊರತೆಗಾಗಿ ಕೂಡಿಸಲಿಲ್ಲ ಎಂದಾಯಿತು. ಆಮೇಲೆ ಉಳಿದದ್ದು ಹನ್ನೆರಡು ಬುಟ್ಟಿ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸಿ' ಪತ್ರದಲ್ಲಿ ಪ್ಲಾಸ್ಟಿಕ್ಕನ್ನು ಕಡಿಮೆ ಮಾಡುವಂಥ ಸಣ್ಣ ಮನೆಗೆಲಸಗಳನ್ನೂ ಪ್ರೀತಿಯ ಕೆಲಸಗಳ ಸಾಲಿಗೆ ಸೇರಿಸಿದ್ದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ನಮ್ಮ ಧರ್ಮಕೇಂದ್ರದ ಹಬ್ಬದ ಊಟಕ್ಕೆ ಏನು? ಚರ್ಚೆ ಪ್ರತಿ ಸಲ ಇಲ್ಲಿಗೆ ಬಂದು ನಿಲ್ಲುತ್ತದೆ. ಔರಾದ, ನಿಲಂಗಾ, ಉಮರಗಾ, ಉದಗೀರಗಳಿಂದ ಚದುರಿದ ಕುಟುಂಬಗಳು ಕೂಡುವ ದಿನ ಅದು, ಊಟ ಬಿಡಲಾಗದು. ಹಸಿರು ಅಕ್ಷರದ ತಟ್ಟೆ ತರಿಸೋಣ ಎನ್ನುವವರಿದ್ದಾರೆ. ದುಬಾರಿ, ಮತ್ತು ನಮ್ಮಲ್ಲಿ ಅದಕ್ಕೆ ತಕ್ಕ ಗೊಬ್ಬರದ ಘಟಕವಿಲ್ಲ. ಮುತ್ತುಗದೆಲೆಯ ಪತ್ರಾವಳಿ ನಮ್ಮ ಹಳೆಯ ವಸ್ತು. ಕಡ್ಡಿಯಿಂದ ಹೆಣೆದದ್ದಾದರೆ ಆಕಳು ತಿನ್ನುತ್ತದೆ ಇಲ್ಲವೆ ತಿಪ್ಪೆಯಲ್ಲಿ ಒಂದು ಮಳೆಗಾಲಕ್ಕೆ ಮಣ್ಣಾಗುತ್ತದೆ, ಯಾವ ಪ್ರಮಾಣಪತ್ರವೂ ಬೇಡ. ಈಗ ಎಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಾರುತ್ತಾರೆ, ತಿರುಗಿಸಿ ನೋಡಿಯೇ ಕೊಳ್ಳಬೇಕು. ಪಲ್ಯ ಅನ್ನಕ್ಕೆ ಎಲೆ ಸಾಕು. ಸಾರು ಹರಿಯುತ್ತದೆ ಎಂಬ ದೂರು ಮಾತ್ರ ನಿಜ.

ಮೂರನೆಯ ದಾರಿ ಸ್ಟೀಲ್ ತಟ್ಟೆ. ಒಮ್ಮೆ ಕೊಂಡರೆ ಮೊಮ್ಮಕ್ಕಳ ಮದುವೆಗೂ ಬರುತ್ತದೆ. ತೊಳೆಯಲು ನೀರು ಬೇಕು, ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ. ಬೂದಿಯಿಂದ ಒರೆಸಿ ಎರಡು ಟಬ್ಬಿನಲ್ಲಿ ಅದ್ದಿ ತೆಗೆದರೆ ಕಡಿಮೆ ನೀರಿನಲ್ಲಿ ಆಗುತ್ತದೆಂದು ನಮ್ಮ ಹಿರಿಯ ಹೆಂಗಸರು ಲೆಕ್ಕ ಹೇಳಿದ್ದಾರೆ. ಆದರೆ ಅದೇ ಹೆಂಗಸರು ಇನ್ನೊಂದು ಮಾತನ್ನೂ ಹೇಳುತ್ತಾರೆ, ಸಭೆಯಲ್ಲಿ ಅಲ್ಲ, ಹೊರಗೆ ಬಂದ ಮೇಲೆ. ಬಿಸಾಡುವ ತಟ್ಟೆ ಬಂದಾಗಲೇ ತಮಗೂ ಹಬ್ಬದ ದಿನ ಕುಳಿತು ಮಾತಾಡಲು ಬಿಡುವು ಸಿಕ್ಕಿತು. ಈಗ ಭೂಮಿಯನ್ನು ಉಳಿಸುವ ಹೆಸರಿನಲ್ಲಿ ಮತ್ತೆ ಬಚ್ಚಲಿಗೆ ಕಳಿಸುತ್ತೀರಾ ಎಂದು. ಹೊಣೆಯನ್ನು ಇನ್ನೊಬ್ಬರ ತಲೆಗೆ ದಾಟಿಸಬಾರದೆಂದು ಇಷ್ಟು ಪುಟ ಬರೆದ ಮೇಲೆ ಈ ಮಾತನ್ನು ಕೇಳದ ಹಾಗೆ ಇರಲು ನಮ್ಮಿಂದಾಗದು. ಆದ್ದರಿಂದ ಬರುವ ಹಬ್ಬದ ಸಭೆಯಲ್ಲಿ ತಟ್ಟೆ ಯಾವುದೆಂದು ತೀರ್ಮಾನಿಸುವ ಮೊದಲು ತೊಳೆಯುವವರ ಸರದಿಯ ಪಟ್ಟಿ ಬರೆಯೋಣವೆಂದು ಸೂಚಿಸುತ್ತಿದ್ದೇವೆ. ಪಟ್ಟಿಯಲ್ಲಿ ಮೊದಲ ಹತ್ತು ಹೆಸರು ಗಂಡಸರದ್ದಾಗಿರಲಿ, ಅದರಲ್ಲಿ ಸಮಿತಿಯ ಸದಸ್ಯರದು ಮೇಲೆ. ಹೆಸರು ಕೊಡುವವರು ಭಾನುವಾರ ಬಲಿಪೂಜೆಯಾದ ಮೇಲೆ ಕೊಡಬಹುದು.